ಗೋಡೆಗೆ ಬಣ್ಣ ಹಚ್ಚುವ ಮುನ್ನ

ಎನ್‌ಎಸ್‌ಎಸ್ ವಿಶೇಷ ಶಿಬಿರದ ಯೋಜನೆ ಹಾಕಲು ಕೂತಾಗ ಪ್ರತಿ ವರ್ಷವೂ ವಿದ್ಯಾರ್ಥಿಗಳಿಂದ ಒಂದು ಮಾತು ಬಂದೇ ಬರುತ್ತದೆ: "ಸರ್, ಈ ಸಲ ಒಂದು ಸರ್ಕಾರಿ ಶಾಲೆಗೆ ಪೇಂಟ್ ಮಾಡೋಣ." ಒಳ್ಳೆಯ ಮಾತು. ನಮ್ಮಲ್ಲಿ ಬಹಳಷ್ಟು ಮಂದಿ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕಿನ ಅಂಥ ಶಾಲೆಗಳಲ್ಲೇ ಅಕ್ಷರ ಕಲಿತವರು. ಆ ಋಣ ತೀರಿಸುವ ಮನಸ್ಸು ಬರುವುದು ಸಹಜ. ಆದರೆ ಅದರ ಬೆನ್ನಿಗೇ ಬರುವ ಪ್ರಶ್ನೆ, "ಯಾವ ಚಿತ್ರ ಬಿಡಿಸೋಣ?" ಎಂಬುದು.

ನನ್ನ ಲೆಕ್ಕದಲ್ಲಿ ಅದು ನಾಲ್ಕನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದವು ಮೂರಿವೆ. ಗೋಡೆ ಹೇಗಿದೆ? ಅದನ್ನು ದಿನಾ ನೋಡುವವರು ಯಾರು? ಆ ಚಿತ್ರದಿಂದ ಅವರಿಗೆ ಏನು ಕೆಲಸ ಆಗಬೇಕು? ಈ ಮೂರಕ್ಕೆ ಉತ್ತರ ಸಿಕ್ಕರೆ ನಾಲ್ಕನೆಯದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ನಾನು ಇತಿಹಾಸ ಕಲಿಸುವವನು, ಚಿತ್ರಕಾರನಲ್ಲ. ಹಾಗಾಗಿ ನಮ್ಮ ಜಿಲ್ಲೆಯ ಇತಿಹಾಸದಿಂದಲೇ ಪಾಠ ಆರಂಭಿಸುತ್ತೇನೆ.

ಕಲ್ಯಾಣದಲ್ಲಿ ಬರೆದ ಪಾಠ

ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣಿ ಚಾಲುಕ್ಯರ ರಾಜಧಾನಿ ಎಂದು ನೀವು ಓದಿದ್ದೀರಿ. ಆ ವಂಶದ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಎಂಬ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ಅಡುಗೆ, ಆನೆ, ಸಂಗೀತ, ಆಟ ಎಲ್ಲದರ ವಿವರ ಅದರಲ್ಲಿದೆ. ಗೋಡೆಯ ಮೇಲೆ ಚಿತ್ರ ಬರೆಯುವ ವಿಧಾನವೂ ಇದೆ.

ಅಲ್ಲಿ ಅವನು ಯಾವುದನ್ನು ಮೊದಲು ಹೇಳುತ್ತಾನೆ ಎಂಬುದನ್ನು ಗಮನಿಸಿ. ಗೋಡೆಗೆ ಸುಣ್ಣದ ಗಿಲಾವು ಮಾಡಿ ನುಣುಪಾಗಿಸಬೇಕು. ತೂತು, ಬಿರುಕು ಇರಬಾರದು. ಎಮ್ಮೆಯ ಚರ್ಮವನ್ನು ಬೆಣ್ಣೆಯಂತೆ ಆಗುವವರೆಗೆ ಕುದಿಸಿ ತೆಗೆದ 'ವಜ್ರಲೇಪ' ಎಂಬ ಅಂಟನ್ನು ಬಿಳಿಮಣ್ಣಿನೊಂದಿಗೆ ಬೆರೆಸಿ ಪದರ ಪದರವಾಗಿ ಬಳಿದು ಒಣಗಲು ಬಿಡಬೇಕು. ರೇಖೆ, ಬಣ್ಣ, ಕುಂಚದ ಮಾತು ಆಮೇಲೆ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಪುಟ್ಟಿ ಮತ್ತು ಪ್ರೈಮರ್ ಮೊದಲು, ಚಿತ್ರ ನಂತರ. ರಾಜನ ಅರಮನೆಯ ಗೋಡೆಗೂ ಈ ನಿಯಮ ತಪ್ಪಿದ್ದಲ್ಲ. ಅದೇ ಗ್ರಂಥ ಪುಡಿಯಿಂದ ಬರೆಯುವ 'ಧೂಳಿಚಿತ್ರ'ವನ್ನೂ ಚಿತ್ರದ ಒಂದು ಬಗೆ ಎಂದು ಎಣಿಸುತ್ತದೆ. ಅಂಗಳದಲ್ಲಿ ರಂಗೋಲಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ "ನಮಗೆ ಚಿತ್ರ ಬರೋದಿಲ್ಲ" ಎಂದು ಹಿಂದೆ ಸರಿಯುವ ಕಾರಣವೇ ಇಲ್ಲ.

ಬೀದರಿನ ಬಣ್ಣದ ಶಾಲೆ

ಎರಡನೆಯ ಪಾಠ ಬೀದರಿನದು. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಪರ್ಷಿಯಾದ ಗೀಲಾನ್ ಪ್ರಾಂತದಿಂದ ಬಂದವನು. ಅವನು ಕಟ್ಟಿಸಿದ ಮದರಸಾ 1472ರ ಹೊತ್ತಿಗೆ ಪೂರ್ಣಗೊಂಡಿತು. ಮೂರು ಅಂತಸ್ತಿನ ಕಟ್ಟಡ, ಒಳಗೆ ವಿದ್ಯಾರ್ಥಿಗಳಿಗೂ ಗುರುಗಳಿಗೂ ವಾಸದ ಕೋಣೆಗಳು, ಪಾಠದ ಸಭಾಂಗಣಗಳು, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಲಾಗುವ ಗ್ರಂಥಾಲಯ. ಹೊರಗೋಡೆಗೆ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೊಳಪಿನ ಹೆಂಚುಗಳನ್ನು ಕೂರಿಸಲಾಗಿತ್ತು. 17ನೇ ಶತಮಾನದ ಕೊನೆಯಲ್ಲಿ ಒಳಗೆ ಇಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದಿರುವ ಮಿನಾರಿನ ಮೇಲೆ ಅಡ್ಡಡ್ಡವಾಗಿ ಅಂಕುಡೊಂಕು ಸಾಲಿನಲ್ಲಿ ಕೂರಿಸಿದ ಹೆಂಚುಗಳನ್ನು ಇಂದಿಗೂ ಕಾಣಬಹುದು.

ಅಂದರೆ ಶಾಲೆಗೆ ಬಣ್ಣ ಬೇಕು ಎಂಬುದು ಹೊರದೇಶದಿಂದ ಮೊನ್ನೆ ಬಂದ ವಿಚಾರ ಅಲ್ಲ. ಐನೂರೈವತ್ತು ವರ್ಷಗಳ ಹಿಂದೆ ಒಬ್ಬ ಮಂತ್ರಿ ಊರ ನಡುವೆ ಒಂದು ಶಾಲೆಯನ್ನು ಅರಮನೆಯಷ್ಟೇ ಚೆಂದವಾಗಿ ನಿಲ್ಲಿಸಿದ. ದಾರಿಹೋಕನಿಗೆ ಅದು ಹೇಳಿದ ಮಾತು ಇಷ್ಟೇ: ಇಲ್ಲಿ ಓದುವವರಿಗೆ ಈ ಊರಿನಲ್ಲಿ ಬೆಲೆ ಇದೆ. ಆದರೆ ಗವಾನ್ ಹೊರಗೋಡೆಗೆ ನಿಲ್ಲಲಿಲ್ಲ. ಒಳಗೆ ಗಾಳಿ, ಬೆಳಕು, ಪುಸ್ತಕ, ಗುರುಗಳು, ಇರಲು ಕೋಣೆ ಎಲ್ಲವನ್ನೂ ಕೊಟ್ಟ. ಹೊರಗಿನ ಬಣ್ಣ ಒಳಗಿನ ಕೆಲಸಕ್ಕೆ ತಕ್ಕುದಾಗಿತ್ತು.

ಗೋಡೆಯೇ ಪಾಠೋಪಕರಣ

ಈಗ ನಮ್ಮ ಕಾಲಕ್ಕೆ ಬರೋಣ. 1990ರ ದಶಕದ ಕೊನೆಯಲ್ಲಿ ರಾಜಸ್ಥಾನದ 'ಲೋಕ ಜುಂಬಿಶ್' ಶಿಕ್ಷಣ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ 'ವಿನ್ಯಾಸ್' ಸಂಸ್ಥೆಯವರು ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಬಡ ಶಾಲೆಗೆ ಬೇರೆ ಪಾಠೋಪಕರಣ ಕೊಳ್ಳಲು ಹಣವಿಲ್ಲ, ಆದರೆ ಬಾಗಿಲು, ಕಿಟಕಿ, ನೆಲ, ಗೋಡೆ ಇದ್ದೇ ಇವೆ. ಅವನ್ನೇ ಯಾಕೆ ಪಾಠೋಪಕರಣ ಮಾಡಬಾರದು? ಯುನಿಸೆಫ್ ನೆರವಿನಿಂದ ಬೆಳೆದ ಈ ಯೋಚನೆಗೆ 'ಬಾಲಾ' ಎಂಬ ಹೆಸರು ಬಂತು. ಕಟ್ಟಡವೇ ಕಲಿಕೆಯ ಸಾಧನ ಎಂಬುದು ಅದರ ಅರ್ಥ.

ಅದರ ಕೆಲವು ಉದಾಹರಣೆಗಳನ್ನು ನೋಡಿ. ತರಗತಿಯ ಬಾಗಿಲು ತೆರೆಯುವಾಗ ನೆಲದ ಮೇಲೆ ಒಂದು ಕಂಸ ಉಂಟಾಗುತ್ತದೆ. ಅದರ ಮೇಲೆ 0, 30, 45, 60, 90 ಡಿಗ್ರಿ ಗುರುತು ಬರೆದರೆ ಬಾಗಿಲೇ ಕೋನಮಾಪಕ. ಕಿಟಕಿಯ ಸರಳುಗಳನ್ನು ಅಲೆಯಂತೆ, ಸುರುಳಿಯಂತೆ ಬಾಗಿಸಿದರೆ ಒಂದನೇ ತರಗತಿಯ ಮಗು ಬೆರಳಾಡಿಸುತ್ತಲೇ ಅಕ್ಷರದ ತಿರುವುಗಳಿಗೆ ಕೈ ಪಳಗಿಸಿಕೊಳ್ಳುತ್ತದೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಚುಕ್ಕಿ ಇಟ್ಟರೆ ಮಕ್ಕಳು ಚುಕ್ಕಿ ಕೂಡಿಸಿ ತಾವೇ ಚಿತ್ರ ಬರೆಯುತ್ತಾರೆ.

ನಮ್ಮ ರಾಜ್ಯದ 'ನಲಿ ಕಲಿ'ಯೂ ಇದೇ ದಾರಿಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ರೂಪಿಸಿದ ಪದ್ಧತಿ ಅದು. ಕಲಿಕಾ ಏಣಿ, ಮಕ್ಕಳ ಕೆಲಸ ತೂಗುಹಾಕುವ ಕಲಿಕಾ ಚಪ್ಪರ, ಮಕ್ಕಳ ಎತ್ತರಕ್ಕೆ ಗೋಡೆಯಲ್ಲೇ ಬಳಿದ ಕಪ್ಪುಹಲಗೆ ಇವನ್ನು ನಿಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಬಳಸಿದ್ದೀರಿ. ಅಲ್ಲಿ ಗೋಡೆ ಇರುವುದು ಬರೀ ನೋಡುವುದಕ್ಕಲ್ಲ, ಬರೆಯುವುದಕ್ಕೆ, ಅಳಿಸುವುದಕ್ಕೆ, ಮುಟ್ಟುವುದಕ್ಕೆ.

ಹುಮನಾಬಾದ್ ತಾಲ್ಲೂಕಿನ ಒಂದು ಶಾಲೆಯಲ್ಲಿ ಯಾರೋ ಹಿಂದೆ ಬಿಡಿಸಿಹೋದ ದೊಡ್ಡ ಆನೆಯ ಚಿತ್ರ ನೋಡಿದೆ. ಮಳೆಗಾಲದ ತೇವ ಕೆಳಗಿನಿಂದ ಏರಿ ಗಿಲಾವು ಉಪ್ಪು ಬಿಟ್ಟಿತ್ತು. ಆನೆಯ ನಾಲ್ಕು ಕಾಲೂ ಉದುರಿಹೋಗಿದ್ದವು. ಮಕ್ಕಳು ಅದನ್ನು "ಕಾಲಿಲ್ಲದ ಆನೆ" ಎಂದೇ ಕರೆಯುತ್ತಿದ್ದರು. ಅದರ ಮೇಲೆ ಎಂಟು ಅಡಿ ಎತ್ತರದಲ್ಲಿ ವರ್ಣಮಾಲೆ ಇತ್ತು, ಹೊಚ್ಚ ಹೊಸದರಂತೆ. ಯಾವ ಮಗುವಿನ ಕೈಯೂ ಅಲ್ಲಿಗೆ ಎಟುಕಿರಲಿಲ್ಲ. ಬಸವಕಲ್ಯಾಣದ ಕಡೆಯ ಇನ್ನೊಂದು ಶಾಲೆಯ ಪಡಸಾಲೆಯ ನೆಲದ ಮೇಲೆ 1ರಿಂದ 100ರವರೆಗೆ ಅಂಕಿ ಬರೆದ ಉದ್ದನೆಯ ಹಾವು ಇತ್ತು. ಅದರ ಬಣ್ಣ ಅರ್ಧಕ್ಕರ್ಧ ಸವೆದಿತ್ತು. ಬಿಸಿಯೂಟದ ಬಿಡುವಿನಲ್ಲಿ ಮಕ್ಕಳು ಅದರ ಮೇಲೆ ಐದೈದು ಮನೆ ಹಾರುತ್ತ ಐದರ ಮಗ್ಗಿ ಒದರುತ್ತಿದ್ದರು. ತೇವಕ್ಕೆ ಉದುರಿದ ಬಣ್ಣಕ್ಕೂ ಕಾಲಿಗೆ ಸವೆದ ಬಣ್ಣಕ್ಕೂ ಎಷ್ಟು ವ್ಯತ್ಯಾಸ! ಎರಡನೆಯದೇ ನಮ್ಮ ಶ್ರಮ ಸಾರ್ಥಕವಾದ ಗುರುತು.

ಬಣ್ಣ ಹೆಚ್ಚಾದರೆ?

ಬಣ್ಣ ಹೆಚ್ಚಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂದು ನಂಬುವವರು ಬಹಳ. ಸಂಶೋಧನೆ ಹಾಗೆ ಹೇಳುವುದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆನಾ ಫಿಶರ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಪುಟ್ಟ ಮಕ್ಕಳಿಗೆ ವಿಜ್ಞಾನದ ಪಾಠಗಳನ್ನು ಎರಡು ಬಗೆಯ ಕೋಣೆಯಲ್ಲಿ ಮಾಡಲಾಯಿತು. ಒಂದು ಕೋಣೆಯ ಗೋಡೆಯ ತುಂಬ ಚಿತ್ರ, ಇನ್ನೊಂದರ ಗೋಡೆ ಖಾಲಿ. ಚಿತ್ರ ತುಂಬಿದ ಕೋಣೆಯಲ್ಲಿ ಮಕ್ಕಳು ಸುಮಾರು ಶೇ. 39ರಷ್ಟು ಸಮಯ ಪಾಠ ಬಿಟ್ಟು ಬೇರೆಡೆ ಗಮನ ಹರಿಸಿದರು. ಖಾಲಿ ಕೋಣೆಯಲ್ಲಿ ಅದು ಸುಮಾರು ಶೇ. 28. ಪಾಠದ ನಂತರದ ಪರೀಕ್ಷೆಯಲ್ಲಿ ಸರಿ ಉತ್ತರಗಳು ಚಿತ್ರ ತುಂಬಿದ ಕೋಣೆಯಲ್ಲಿ ಶೇ. 42, ಖಾಲಿ ಕೋಣೆಯಲ್ಲಿ ಶೇ. 55.

ಹಾಗಾದರೆ ಗೋಡೆ ಬೋಳಾಗಿಯೇ ಇರಲಿ ಎಂದೇ? ಅಲ್ಲ. ಇಂಗ್ಲೆಂಡಿನ ಸ್ಯಾಲ್ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಬ್ಯಾರೆಟ್ ತಂಡ 27 ಶಾಲೆಗಳ 153 ತರಗತಿ ಕೋಣೆಗಳನ್ನೂ 3,766 ಮಕ್ಕಳ ಪ್ರಗತಿಯನ್ನೂ ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟಿತು. ಒಂದು ವರ್ಷದ ಕಲಿಕೆಯಲ್ಲಿ ಮಕ್ಕಳ ನಡುವೆ ಕಂಡ ವ್ಯತ್ಯಾಸದ ಸುಮಾರು ಶೇ. 16 ಭಾಗಕ್ಕೆ ಕೋಣೆಯ ಸ್ಥಿತಿಗತಿ ಕಾರಣ ಎಂದು ಅವರು ಕಂಡುಕೊಂಡರು. ಬೆಳಕು, ಶುದ್ಧ ಗಾಳಿ, ಹದವಾದ ಉಷ್ಣತೆ ಇವುಗಳಿಗೆ ದೊಡ್ಡ ಪಾಲು. "ಇದು ನಮ್ಮ ಕೋಣೆ" ಎಂಬ ಭಾವನೆಗೆ ಒಂದು ಪಾಲು. ಬಣ್ಣದ ವಿಷಯದಲ್ಲಿ ತೀರಾ ಬೋಳೂ ಬೇಡ, ತೀರಾ ಗದ್ದಲವೂ ಬೇಡ, ಹದ ಇರಲಿ ಎಂಬುದು ಅವರ ತೀರ್ಮಾನ.

ಈ ಎರಡು ಅಧ್ಯಯನಗಳಿಂದ ನಾವು ತೆಗೆದುಕೊಳ್ಳಬೇಕಾದ ಸೂತ್ರ ಹೀಗಿದೆ. ಕಪ್ಪುಹಲಗೆ ಇರುವ ಗೋಡೆಯನ್ನು ತಿಳಿ ಬಣ್ಣದಲ್ಲಿ ಸುಮ್ಮನೆ ಬಿಡಿ, ಮಗು ಗುರುಗಳ ಮುಖ ನೋಡಲಿ. ದೊಡ್ಡ ಚಿತ್ರಗಳು ಪಡಸಾಲೆಗೆ, ಕಾಂಪೌಂಡಿಗೆ, ಬಿಸಿಯೂಟದ ಜಾಗಕ್ಕೆ ಇರಲಿ. ತರಗತಿಯ ಹಿಂದಿನ ಗೋಡೆಯನ್ನು ಮಕ್ಕಳ ಕೈಕೆಲಸಕ್ಕೆ ಮೀಸಲಿಡಿ. ಮತ್ತು ಚಿತ್ರಕ್ಕೂ ಮೊದಲು ಮುಚ್ಚಿಹೋದ ಕಿಟಕಿಯನ್ನು ತೆರೆಯಿರಿ. ಒಡೆದ ಕಿಟಕಿಗೆ ರಟ್ಟು ಬಡಿದು ಕತ್ತಲಾದ ಕೋಣೆಯಲ್ಲಿ ನವಿಲು ಬಿಡಿಸಿದರೆ ಅದನ್ನು ನೋಡುವವರು ಯಾರು?

ಕುಂಚ ಯಾರ ಕೈಯಲ್ಲಿ?

ನ್ಯೂಯಾರ್ಕ್ ನಗರದಲ್ಲಿ ರೂತ್ ಲ್ಯಾಂಡ್ ಶೂಮನ್ ಎಂಬ ವಿನ್ಯಾಸಕಾರ್ತಿ 1996ರಲ್ಲಿ 'ಪಬ್ಲಿಕಲರ್' ಎಂಬ ಸಂಸ್ಥೆ ಆರಂಭಿಸಿದರು. ಮಂಕಾದ ಸರ್ಕಾರಿ ಶಾಲೆಗಳಿಗೆ ಗಾಢ ಬಣ್ಣ ಹಚ್ಚುವುದು ಅದರ ಕೆಲಸ. ಅದರ ವಿಶೇಷವೆಂದರೆ ಬಣ್ಣ ಆರಿಸುವವರೂ ಹಚ್ಚುವವರೂ ಆ ಶಾಲೆಯ ವಿದ್ಯಾರ್ಥಿಗಳೇ. ಸ್ವಯಂಸೇವಕರು ಅವರ ಪಕ್ಕದಲ್ಲಿ ನಿಂತು ಕೈಜೋಡಿಸುತ್ತಾರೆ. ನಮ್ಮ ರಾಜ್ಯದಲ್ಲೂ 'ಕನ್ನಡ ಮನಸುಗಳು' ಎಂಬ ಯುವಕರ ಬಳಗ ವಾರಾಂತ್ಯದ ರಜೆಯಲ್ಲಿ ದೂರದ ಊರುಗಳ ಸರ್ಕಾರಿ ಶಾಲೆಗಳಿಗೆ ಹೋಗಿ ಸುಣ್ಣ-ಬಣ್ಣ ಮಾಡುತ್ತ ಬಂದಿದೆ.

ರಾಜಸ್ಥಾನದ ಅಲ್ವಾರ್‌ನ ಒಂದು ಸರ್ಕಾರಿ ಶಾಲೆಯ ಕೋಣೆಗಳಿಗೆ ರೈಲು ಬೋಗಿಯ ಹಾಗೆ ಬಣ್ಣ ಹಚ್ಚಿದ್ದು ದೇಶವೆಲ್ಲ ಹೆಸರಾಯಿತು. ಅದನ್ನು ನೋಡಿ ಎಷ್ಟೋ ಊರುಗಳಲ್ಲಿ ಶಾಲೆಗಳು ರೈಲಾದವು. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಉದ್ಘಾಟನೆಯಾಗಿ ಹುಮನಾಬಾದಿಗೂ ರೈಲು ಬಂದಿದೆ. ನಾವೂ ರೈಲು ಬಿಡಿಸಬಹುದು. ಆದರೆ ಬೋಗಿಯ ಮೇಲೆ ಬರೆಯುವ ನಿಲ್ದಾಣಗಳ ಹೆಸರು ನಮ್ಮ ಮಾರ್ಗದ್ದೇ ಇರಲಿ, ಅದನ್ನು ಮಕ್ಕಳೇ ಕೇಳಿ ತಿಳಿದು ಬರೆಯಲಿ. ಆಗ ಅದು ಬೇರೆ ಊರಿನ ನಕಲು ಆಗದೆ ನಮ್ಮ ಊರಿನ ಭೂಗೋಳ ಪಾಠವಾಗುತ್ತದೆ.

ಎನ್‌ಎಸ್‌ಎಸ್ ಆರಂಭವಾದದ್ದು 1969ರಲ್ಲಿ. ಅದರ ಧ್ಯೇಯವಾಕ್ಯ "ನಾನಲ್ಲ, ನೀನು" ಎಂಬುದು. ಅದನ್ನು ಗೋಡೆಯ ಮೇಲೆ ಬರೆದರೆ ಸಾಲದು, ಗೋಡೆಯ ಮುಂದೆ ನಿಂತಾಗ ಪಾಲಿಸಬೇಕು. ಚಿತ್ರ ಮುಗಿದ ಮೇಲೆ ಫೋಟೋದಲ್ಲಿ ಮುಂದೆ ನಿಲ್ಲುವವರು ಮಕ್ಕಳಾಗಲಿ. ಗೋಡೆಯ ಮೂಲೆಯಲ್ಲಿ ನಮ್ಮ ಕಾಲೇಜಿನ ಹೆಸರಿಗಿಂತ ಮಕ್ಕಳ ಬೆರಳಚ್ಚು ಹೆಚ್ಚು ಕಾಲ ಆ ಗೋಡೆಯನ್ನು ಕಾಯುತ್ತದೆ. ತಾನೇ ಬಣ್ಣ ಹಚ್ಚಿದ ಗೋಡೆಯ ಮೇಲೆ ಗೀಚುವ ಮಗು ವಿರಳ.

ಗೋಡೆಯ ಭಾಷೆ

ನಮ್ಮ ತಾಲ್ಲೂಕುಗಳು ಗಡಿಯಲ್ಲಿವೆ. ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಕೇಳಿಸುತ್ತವೆ. ಕನ್ನಡ, ಉರ್ದು, ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ. ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು ಆಗಿರುವ ಮಗುವಿಗೆ ಗೋಡೆ ಸೇತುವೆ ಆಗಬಲ್ಲದು. ಒಂದು ಗಿಳಿಯ ಚಿತ್ರದ ಕೆಳಗೆ ಗಿಳಿ, ತೋತಾ, ಪೋಪಟ್ ಎಂದು ಮೂರೂ ಲಿಪಿಯಲ್ಲಿ ಬರೆದರೆ ಖರ್ಚು ಹೆಚ್ಚಾಗದು. ಆದರೆ ಮೂರು ಮನೆಯ ಮಕ್ಕಳಿಗೆ ಅದು ತಮ್ಮ ಶಾಲೆ ಎನ್ನಿಸುತ್ತದೆ.

ಇಲ್ಲಿ ಕೆಲವು ಎಚ್ಚರ ಬೇಕು. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ. ಉರ್ದು ಶಾಲೆಯಲ್ಲಿ ಚಿತ್ರಕಥೆ ಬಿಡಿಸುವಾಗ ಮೊದಲ ಚಿತ್ರ ಬಲಗಡೆ ಬರಬೇಕು. ಆದರೆ ಅಂಕಿಗಳನ್ನು ಉರ್ದುವಿನಲ್ಲೂ ಎಡದಿಂದ ಬಲಕ್ಕೇ ಬರೆಯುತ್ತಾರೆ. ಅಕ್ಷರವನ್ನು ಫೋನಿನಲ್ಲಿ ನೋಡಿ ಚಿತ್ರದಂತೆ ನಕಲು ಮಾಡಬೇಡಿ. ಆ ಲಿಪಿ ಬಲ್ಲವರಿಂದ ಸೀಮೆಸುಣ್ಣದಲ್ಲಿ ಬರೆಸಿ, ಆ ಶಾಲೆಯ ಶಿಕ್ಷಕರಿಂದ ಓದಿಸಿ, ಆಮೇಲೆ ಬಣ್ಣ ಹಚ್ಚಿ. ಗೋಡೆಯ ಮೇಲಿನ ಕಾಗುಣಿತದ ತಪ್ಪು ಹತ್ತು ವರ್ಷ ಪಾಠ ಹೇಳುತ್ತದೆ. ಕನ್ನಡಕ್ಕೂ ಇದೇ ಮಾತು.

ಕೆಲಸದ ಲೆಕ್ಕ

1. ಒಪ್ಪಿಗೆ: ಮುಖ್ಯ ಗುರುಗಳು ಮತ್ತು ಎಸ್‌ಡಿಎಂಸಿ ಇಬ್ಬರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ಯಾವ ತರಗತಿಗೆ ಯಾವ ಪಾಠ ಕಷ್ಟ ಎಂದು ಅವರನ್ನೇ ಕೇಳಿ.

2. ಸಮಯ: ಬೇಸಿಗೆಯ ರಜೆ ಅಥವಾ ಚಳಿಗಾಲದ ಒಣ ಹವೆ ಒಳ್ಳೆಯದು. ಮಳೆಗಾಲ ಕಳೆದ ತಕ್ಷಣ ಗೋಡೆ ಒಣಗಿರುವುದಿಲ್ಲ.

3. ಗೋಡೆ: ಉಪ್ಪು ಬಿಟ್ಟ ಗಿಲಾವನ್ನು ಕೆರೆದು ತೆಗೆಯಿರಿ. ತೇವ ಎಲ್ಲಿಂದ ಬರುತ್ತಿದೆ ಎಂದು ಮೇಸ್ತ್ರಿಗೆ ತೋರಿಸಿ. ಅದು ನಿಲ್ಲದೆ ಬಣ್ಣ ಹಚ್ಚಬೇಡಿ.

4. ಬಣ್ಣದ ಅಳತೆ: ಕೋಣೆ 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಎಂದುಕೊಳ್ಳಿ. ನಾಲ್ಕು ಗೋಡೆ ಸೇರಿ 800 ಚದರ ಅಡಿ. ಬಾಗಿಲು, ಕಿಟಕಿಗೆ 100 ಕಳೆದರೆ 700. ಡಬ್ಬಿಯ ಮೇಲೆ 'ಎರಡು ಕೋಟಿಗೆ ಲೀಟರಿಗೆ 70 ಚದರ ಅಡಿ' ಎಂದಿದ್ದರೆ ಬೇಕಾದದ್ದು 10 ಲೀಟರ್.

5. ಸೀಸ: ಬಣ್ಣದಲ್ಲಿರುವ ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ಓದಿಯೇ ಕೊಳ್ಳಿ. ಗೋದಾಮಿನಲ್ಲಿ ಉಳಿದ ಹಳೆಯ ಡಬ್ಬಿ ಅಗ್ಗಕ್ಕೆ ಸಿಕ್ಕರೂ ಬೇಡ. ಹಳೆಯ ಬಣ್ಣ ಕೆರೆಯುವಾಗ ಮಕ್ಕಳನ್ನು ದೂರ ಇರಿಸಿ, ನೀವು ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

6. ಎತ್ತರ: ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿಯಲ್ಲಿರುತ್ತದೆ. ಓದಿಸಬೇಕಾದದ್ದೆಲ್ಲ ಆ ಮಟ್ಟದ ಆಸುಪಾಸಿನಲ್ಲಿರಲಿ.

7. ಅಂಗಳ: ಧ್ವಜಸ್ತಂಭದ ಸುತ್ತ ಗಂಟೆಗೊಂದು ನೆರಳಿನ ಗೆರೆ ಎಳೆಯಿರಿ. ನಮ್ಮ ಎರಡೂ ಊರು ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಎರಡನೇ ವಾರ ಒಮ್ಮೆ, ಆಗಸ್ಟ್ ಮೊದಲ ವಾರ ಒಮ್ಮೆ ಸೂರ್ಯ ನಡುಹಗಲಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗಸ್ಟಿನಲ್ಲಿ ಶಾಲೆ ತೆರೆದಿರುತ್ತದೆ. ಮೋಡ ಸರಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಜಾತ್ರೆ ಬೇಡ.

ಬಣ್ಣ ಮುಚ್ಚಬಾರದ್ದು

ಕೊನೆಗೆ ಒಂದು ಕಷ್ಟದ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಪ್ರತಿ ಶಾಲೆಗೆ ಪ್ರತಿ ಶಿಕ್ಷಕರಿಗೊಂದು ಕೋಣೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್ ಇರಲೇಬೇಕು. ಇವು ದಾನವಲ್ಲ, ಮಗುವಿನ ಹಕ್ಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತೆ ಮತ್ತೆ ಕೊನೆಯ ಸಾಲಿನಲ್ಲಿ ಕಾಣುತ್ತವೆ. ಇದಕ್ಕೆ ಕಾರಣ ಗೋಡೆಯ ಬಣ್ಣ ಅಲ್ಲ ಎಂದು ನಮಗೆಲ್ಲ ಗೊತ್ತು. ಬಿರುಕು ಬಿಟ್ಟ ಛಾವಣಿಯ ಕೆಳಗೆ ಸುಂದರ ಚಿತ್ರ ಬಿಡಿಸಿದರೆ ನೋಡಿದವರು "ಶಾಲೆ ಚೆನ್ನಾಗಿದೆ" ಎಂದು ಹೇಳಿ ಹೋಗುತ್ತಾರೆ. ಆಗ ನಮ್ಮ ಬಣ್ಣ ಮಗುವಿನ ಪರವಾಗಿ ಮಾತಾಡುವ ಬದಲು ಬಿರುಕನ್ನು ಬಚ್ಚಿಡುತ್ತದೆ.

ಆದ್ದರಿಂದ ಬಣ್ಣದ ಡಬ್ಬಿಯ ಜೊತೆ ಒಂದು ನೋಟ್‌ಬುಕ್ಕೂ ಒಯ್ಯಿರಿ. ಸೋರುವ ಜಾಗ, ಕೆಟ್ಟ ನಲ್ಲಿ, ಬೀಗ ಬಿದ್ದ ಶೌಚಾಲಯ ಎಲ್ಲವನ್ನೂ ದಿನಾಂಕ ಸಹಿತ ಬರೆದು, ಒಂದು ಪ್ರತಿಯನ್ನು ಎಸ್‌ಡಿಎಂಸಿ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆರು ತಿಂಗಳ ನಂತರ ಅದೇ ಶಾಲೆಗೆ ಮತ್ತೆ ಹೋಗಿ ಎರಡು ವಿಷಯ ನೋಡಿ: ಯಾವ ಚಿತ್ರ ಸವೆದಿದೆ, ಯಾವ ದೂರು ಹಾಗೇ ಉಳಿದಿದೆ. ಮೊದಲನೆಯದು ಮಕ್ಕಳು ನಮಗೆ ಕೊಡುವ ಅಂಕ. ಎರಡನೆಯದು ನಮ್ಮ ಮುಂದಿನ ಕೆಲಸ.

ಯೋಚಿಸಿ, ಚರ್ಚಿಸಿ

1. ನಿಮ್ಮ ಪ್ರಾಥಮಿಕ ಶಾಲೆಯ ಯಾವ ಗೋಡೆಬರಹ ನಿಮಗೆ ಇಂದಿಗೂ ನೆನಪಿದೆ? ಅದು ಎಷ್ಟು ಎತ್ತರದಲ್ಲಿತ್ತು?

2. 15 ಅಡಿ ಅಗಲ, 24 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಬಾಗಿಲು-ಕಿಟಕಿ 80 ಚದರ ಅಡಿ ಇದ್ದರೆ, ಲೀಟರಿಗೆ 70 ಚದರ ಅಡಿಯಂತೆ ಎಷ್ಟು ಬಣ್ಣ ಬೇಕು?

3. ಮಹಮೂದ್ ಗವಾನ್ ಮದರಸಾದ ಮಿನಾರಿನ ಹೆಂಚುಗಳ ವಿನ್ಯಾಸವನ್ನು ನೋಡಿ ಬಂದು, ಅದರಿಂದ ಐದನೇ ತರಗತಿಗೆ ಗಣಿತದ ಒಂದು ಗೋಡೆಚಿತ್ರ ರೂಪಿಸಿ.

4. ನಿಮ್ಮ ಮನೆಯ ಮಾತಿನಲ್ಲಿ ಹತ್ತು ಹಕ್ಕಿಗಳ ಹೆಸರು ಬರೆದು, ಪಕ್ಕದ ಮನೆಯವರ ಮಾತಿನಲ್ಲಿ ಅವನ್ನೇ ಕೇಳಿ ಬರೆಯಿರಿ.

ಉತ್ತರಗಳನ್ನು ಸ್ಟಾಫ್ ರೂಮಿಗೆ ತಂದುಕೊಡಿ. ಮುಂದಿನ ಶಿಬಿರದ ನಕ್ಷೆಯನ್ನು ಅವುಗಳಿಂದಲೇ ತಯಾರಿಸೋಣ.